ದ್ರವ ಸಿಂಟಿಲೇಟರಿನಲ್ಲಿ ಗ್ಯಾಡೋಲಿನಿಯಂ ಪ್ರಮಾಣವನ್ನು 0.5 ಶೇಕಡಾಕ್ಕೆ ಏರಿಸುವುದು ಹೇಗೆ?

ಏರಿಸಬೇಡಿ. ಸಂಶೋಧನೆಗೆ ಸೇರಿದ ಹೊಸತರಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ. ರಿಯಾಕ್ಟರ್ ಪಕ್ಕದಲ್ಲಿ ಇಡುವ ನ್ಯೂಟ್ರಿನೊ ಡಿಟೆಕ್ಟರಿಗೆ ಸಿಂಟಿಲೇಟರ್, ಅಂದರೆ ಕಣ ಹಾದಾಗ ಮಿನುಗುವ ದ್ರವ, ತಯಾರಿಸುವುದು ನನ್ನ ಕೆಲಸ. ರಿಯಾಕ್ಟರಿನ ನ್ಯೂಟ್ರಿನೊ ದ್ರವದಲ್ಲಿ ಬಡಿದಾಗ ಒಂದು ನ್ಯೂಟ್ರಾನ್ ಹೊರಬರುತ್ತದೆ, ಅದನ್ನು ಹಿಡಿಯಲು ಗ್ಯಾಡೋಲಿನಿಯಂ ಎಂಬ ಲೋಹ ಬೆರೆಸುತ್ತೇವೆ. ಲೋಹ ಹೆಚ್ಚಿದಷ್ಟೂ ನ್ಯೂಟ್ರಾನ್ ಬೇಗ ಸಿಕ್ಕಿಬೀಳುತ್ತದೆ ಎಂಬ ಒಂದೇ ಲೆಕ್ಕ ತಲೆಯಲ್ಲಿತ್ತು.

ವಿಧಾನ ನಿಮಗೆ ಗೊತ್ತೇ ಇದೆ. ಟ್ರೈಮೀಥೈಲ್ ಹೆಕ್ಸನಾಯಿಕ್ ಆಮ್ಲವನ್ನು ಅಮೋನಿಯಾದಿಂದ ತಟಸ್ಥಗೊಳಿಸಿ, ಗ್ಯಾಡೋಲಿನಿಯಂ ಕ್ಲೋರೈಡ್ ದ್ರಾವಣಕ್ಕೆ ಸೇರಿಸಿ, ಉಂಟಾದ ಸಂಯುಕ್ತವನ್ನು ಲೀನಿಯರ್ ಆಲ್ಕೈಲ್ ಬೆಂಜೀನಿಗೆ ಎಳೆದುಕೊಳ್ಳುವುದು. (ಡಿಟರ್ಜೆಂಟ್ ಕಾರ್ಖಾನೆಗಳ ಕಚ್ಚಾ ವಸ್ತುವೇ ಇಷ್ಟು ಸೂಕ್ಷ್ಮವಾದ ಪ್ರಯೋಗಕ್ಕೂ ಒದಗಿಬರುವುದು ನನಗೆ ಇಂದಿಗೂ ಸಂತೋಷದ ಸಂಗತಿ.) ಪ್ರಮಾಣ ಏರಿಸುತ್ತಾ ಹೋದೆ. ದ್ರವ ಕಣ್ಣಿಗೆ ತಿಳಿಯಾಗಿತ್ತು, ವಿಕಿರಣ ಮೂಲ ಇಟ್ಟು ನೋಡಿದರೆ ಬೆಳಕೂ ಚೆನ್ನಾಗಿತ್ತು. ದ್ರವ ಎಷ್ಟು ಬೆಳಕು ನುಂಗುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಹೀರಿಕೆ ಸೊನ್ನೆಯ ಹತ್ತಿರ ಬಂತು. ದೊಡ್ಡ ಪಾತ್ರೆಗೆ ತುಂಬಿದೆವು.

ನಾನು ಎಡವಿದ್ದು ಆ ಸೊನ್ನೆಯಲ್ಲಿ. ಅಳೆದದ್ದು 1 ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ, ಅಂದರೆ ಬೆಳಕು ಅಷ್ಟು ದೂರ ಮಾತ್ರ ಹಾಯುವ ಪಾರದರ್ಶಕ ಪುಟ್ಟ ಡಬ್ಬಿಯಲ್ಲಿ. ಲೆಕ್ಕ ಹಾಕಿ ನೋಡಿ: ಬೆಳಕು 37 ಶೇಕಡಾಕ್ಕೆ ಇಳಿಯಲು 10 ಮೀಟರ್ ಸಾಗಬೇಕಾದ ಉತ್ತಮ ದ್ರವ 1 ಸೆಂಟಿಮೀಟರಿನಲ್ಲಿ ತೋರಿಸುವ ಹೀರಿಕೆ ಸುಮಾರು 0.0004. ಎರಡೇ ಮೀಟರಿಗೆ ಅಷ್ಟು ಇಳಿಯುವ ಕೆಟ್ಟ ದ್ರವದ್ದು 0.002. ಸಾಮಾನ್ಯ ಉಪಕರಣದಲ್ಲಿ ಕ್ಯುವೆಟ್ಟನ್ನು ತೆಗೆದು ಮತ್ತೆ ಇಟ್ಟರೂ ಅಷ್ಟು ವ್ಯತ್ಯಾಸ ಬರುತ್ತದೆ. ಅಂದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನನಗೆ ಸಿಗುತ್ತಿದ್ದ ಅಂಕಿ ಒಂದೇ. 10 ಸೆಂಟಿಮೀಟರ್ ಕ್ಯುವೆಟ್ ಬಳಸಿದ್ದರೆ ಅವು 0.004 ಮತ್ತು 0.02 ಆಗಿ ಬೇರೆಬೇರೆಯಾಗಿ ಕಾಣುತ್ತಿದ್ದವು. ಸಾಲದ್ದಕ್ಕೆ ಅಳೆದದ್ದು ದ್ರವ ತಯಾರಾದ ದಿನ ಮಾತ್ರ. ಪಿಎಚ್ ತುಸು ಏರಿದ್ದರಿಂದ, ಉಳಿದ ನೀರಿನಂಶದಿಂದ, ಗ್ಯಾಡೋಲಿನಿಯಂ ನಿಧಾನವಾಗಿ ಜಲವಿಭಜನೆಗೊಂಡು ಸೂಕ್ಷ್ಮ ಕಣಗಳಾಗಿ ಕೂಡಿಕೊಳ್ಳುತ್ತಿತ್ತು. ಕೆಲವು ತಿಂಗಳಲ್ಲಿ ಪಾತ್ರೆಯ ದೂರದ ತುದಿಯಿಂದ ಬರುವ ಬೆಳಕು ಮಂಕಾಯಿತು. ಇಡೀ ದ್ರವವನ್ನು ಹೊರಗೆ ತೆಗೆಯಬೇಕಾಯಿತು, ಪ್ರಬಂಧ ಹಿಂದೆ ಬಿತ್ತು.

ಫ್ರಾನ್ಸಿನ ಚೂಜ್ ಪ್ರಯೋಗದ ಚರಿತ್ರೆಯನ್ನು ಮೊದಲೇ ಗಮನವಿಟ್ಟು ಓದಬೇಕಿತ್ತು. 1997–98ರಲ್ಲಿ ಅಲ್ಲಿ ಗ್ಯಾಡೋಲಿನಿಯಂ ನೈಟ್ರೇಟ್ ಬಳಸಿದ್ದರು. ನೈಟ್ರೇಟಿನ ಉತ್ಕರ್ಷಣೆಯಿಂದ ದ್ರವ ಹಳದಿಗಟ್ಟುತ್ತಾ ಹೋಯಿತು. ಚೀನಾದ ದಯಾ ಬೇ ಪ್ರಯೋಗ ಕಾರ್ಬಾಕ್ಸಿಲಿಕ್ ಆಮ್ಲದ ದಾರಿ ಹಿಡಿದು, ಎಂಟು ಡಿಟೆಕ್ಟರುಗಳಲ್ಲಿ ತಲಾ 20 ಟನ್ ದ್ರವವನ್ನು 2011ರಿಂದ 2020ರವರೆಗೆ ದುಡಿಸಿತು. ಅದರಲ್ಲಿದ್ದ ಗ್ಯಾಡೋಲಿನಿಯಂ ಕೇವಲ 0.1 ಶೇಕಡಾ.

ಅಷ್ಟೇ ಸಾಕು. ಲೋಹವಿಲ್ಲದ ದ್ರವದಲ್ಲಿ ನ್ಯೂಟ್ರಾನ್ ಹೈಡ್ರೊಜನ್ನಿಗೆ ಸೆರೆಯಾಗಲು ಸುಮಾರು 200 ಮೈಕ್ರೊಸೆಕೆಂಡ್ ಬೇಕು, ಆಗ ಹೊಮ್ಮುವ ಶಕ್ತಿ 2.2 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್). 0.1 ಶೇಕಡಾ ಗ್ಯಾಡೋಲಿನಿಯಂ ಇದ್ದರೆ ಅವಧಿ ಸುಮಾರು 30ಕ್ಕೆ ಇಳಿಯುತ್ತದೆ, ಶಕ್ತಿ ಸುಮಾರು 8 ಎಂಇವಿಗೆ ಏರಿ ಸಹಜ ವಿಕಿರಣದ ಗದ್ದಲದಿಂದ ಮೇಲೆ ನಿಲ್ಲುತ್ತದೆ. ಸೆರೆಯಾಗುವ ನ್ಯೂಟ್ರಾನುಗಳಲ್ಲಿ 80 ಶೇಕಡಾಕ್ಕೂ ಹೆಚ್ಚು ಆಗಲೇ ಗ್ಯಾಡೋಲಿನಿಯಂ ಪಾಲಾಗಿರುತ್ತವೆ. ಉಳಿದ ಕೆಲವಕ್ಕಾಗಿ ಐದು ಪಟ್ಟು ಲೋಹ ಸುರಿದು ಪಾರದರ್ಶಕತೆಯನ್ನು ಪಣಕ್ಕಿಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಯಾವ ಫ್ಲೋರ್, ಅಂದರೆ ದ್ರವಕ್ಕೆ ಬೆರೆಸುವ ಬೆಳಕು ಸೂಸುವ ವಸ್ತು, ಒಳ್ಳೆಯದು ಎಂದೂ ಕೇಳಿದ್ದೀರಿ. ಪಿಪಿಒ, ಬಿಸ್-ಎಂಎಸ್‌ಬಿ ಎಂಬ ಎರಡು ವಸ್ತುಗಳ ಜೋಡಿ ಸಾಕು. ಅದರಲ್ಲಿ ಸಮಯ ಕಳೆಯಬೇಡಿ. ಮೊದಲು 10 ಸೆಂಟಿಮೀಟರ್ ಕ್ಯುವೆಟ್ ತರಿಸಿ. ಆಮ್ಲವನ್ನು ನಿರ್ವಾತದಲ್ಲಿ ಬಟ್ಟಿ ಇಳಿಸಿ. ಪ್ರತಿ ತಯಾರಿಕೆಯ ಮಾದರಿಯನ್ನೂ ನೈಟ್ರೊಜನ್ ತುಂಬಿ ಮುಚ್ಚಿಟ್ಟು, 430 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ವಾರವಾರವೂ ಹೀರಿಕೆ ಅಳೆದು ನಕ್ಷೆಯಲ್ಲಿ ಗುರುತಿಸಿ. ಆ ಗೆರೆ ಕೆಲವು ತಿಂಗಳು ಅಲುಗದೆ ನಿಲ್ಲುವವರೆಗೆ ಯಾರು ಅವಸರಪಡಿಸಿದರೂ ಪಾತ್ರೆ ತುಂಬಬೇಡಿ.