ಪ್ರೇಮಕವಿತೆಯಲ್ಲಿ ಉಪಮೆ ನಗುವನ್ನೂ ಅರ್ಥವನ್ನೂ ಒಟ್ಟಿಗೆ ಹೇಗೆ ತರುತ್ತದೆ?
ಉಪಮೆಗೆ ನಾಲ್ಕು ಅಂಗ: ಉಪಮೇಯ (ಹೋಲಿಸಲಾಗುವುದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ವಾಚಕಪದ (‘ಹಾಗೆ’, ‘ಅಂತೆ’ಯಂಥ ಪದ), ಸಮಾನಧರ್ಮ (ಎರಡಕ್ಕೂ ಇರುವ ಸಮಾನ ಗುಣ). ಬೆಂಗಳೂರಿನಲ್ಲಿ ವಾಹನದಟ್ಟಣೆಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಈ ಸಾಲು ನೋಡಿ: ‘ನಿನ್ನ ಉತ್ತರಕ್ಕೆ ಕಾಯುತ್ತಿದ್ದೇನೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದ ಬಸ್ಸಿನ ಹಾಗೆ.’ ಬೆಳದಿಂಗಳಿಗೆ ಕಾಯುವ ಚಕೋರ ಪಕ್ಷಿ ಬರಬೇಕಾದ ಜಾಗದಲ್ಲಿ ಬಸ್ಸು ಬಂದು ನಿಂತಿತಲ್ಲ, ಉಪಮೇಯಕ್ಕೂ ಉಪಮಾನಕ್ಕೂ ಇರುವ ಆ ದೂರವೇ ನಗು.

ಅರ್ಥ ಇರುವುದು ಸಮಾನಧರ್ಮದಲ್ಲಿ. ಬಾಯಿಬಿಟ್ಟು ಹೇಳಿದ್ದು ‘ಕಾಯುವುದು’ ಒಂದೇ. ಹೇಳದೆ ಬಿಟ್ಟದ್ದು ಅದಕ್ಕಿಂತ ದೊಡ್ಡದು: ಮುಂದೆ ಹೋಗಲಾಗದು, ಹಿಂದೆ ತಿರುಗಲಾಗದು, ಒಳಗೆ ಎಂಜಿನ್ ಮಾತ್ರ ಗುಡುಗುಡು ಅನ್ನುತ್ತಲೇ ಇದೆ. ಪ್ರೇಮಿಯ ಎದೆಯೂ ಹಾಗೆಯೇ. ಇದನ್ನು ಓದುಗರೇ ಕಂಡುಕೊಳ್ಳಬೇಕು. ಕವಿ ವಿವರಿಸಿದರೆ ಸಾಲು ಸಪ್ಪೆ.

ಇನ್ನೊಂದು ತಪ್ಪು, ಮರುಸಾಲಿನಲ್ಲೇ ಬಸ್ಸು ಬಿಟ್ಟು ಮಲ್ಲಿಗೆಯ ಹೋಲಿಕೆಗೆ ಹಾರುವುದು. ಬಸ್ಸನ್ನೇ ಮುಂದುವರಿಸಿ, ಹಸಿರು ದೀಪ ಪ್ರೇಯಸಿಯ ಕಣ್ಣಲ್ಲಿ ಹತ್ತಲಿ. ನಗೆಯ ಉಪಮಾನ ಪ್ರೇಮಿಗಿರಲಿ. ಅವಳಿಗೆ ಅಂಟಿಸಿದರೆ ಅದು ಗೇಲಿಯಾಗುತ್ತದೆ.