ನೆರಳು ಗಿಡ್ಡವಾದರೆ ಹುಷಾರು: ಬೇಸಿಗೆಯ ಚರ್ಮ, ಕೂದಲಿನ ಪ್ರಶ್ನೆಗಳಿಗೆ ಚರ್ಮರೋಗ ತಜ್ಞೆಯ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 38 ವರ್ಷ. ದಿನಾ ವಿಜಯನಗರದಿಂದ ಪೀಣ್ಯಕ್ಕೆ ಸ್ಕೂಟರ್‌ನಲ್ಲಿ ಓಡಾಡುತ್ತೇನೆ. ಎರಡು ವರ್ಷದಿಂದ ಕೆನ್ನೆ ಮೇಲೆ ಬಂಗು ಇದೆ. ಸನ್‌ಸ್ಕ್ರೀನ್ ಹಚ್ಚಿದರೂ ಬೇಸಿಗೆಯಲ್ಲಿ ಜಾಸ್ತಿ ಆಗುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಕ್ರೀಮ್ ಹಚ್ಚಿದಾಗ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ.
– ಓದುಗರು, ವಿಜಯನಗರ

ಉತ್ತರ: ಮೊದಲು ಆ ಕ್ರೀಮ್ ವಿಷಯ ಹೇಳಿಬಿಡುತ್ತೇನೆ, ನನಗೆ ಅದರದ್ದೇ ಚಿಂತೆ. ಟ್ಯೂಬ್ ಮೇಲಿನ ಸಣ್ಣ ಅಕ್ಷರ ಓದಿ ನೋಡಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧಿ. ಮೊದಮೊದಲು ಮುಖ ಬೆಳ್ಳಗಾಗುತ್ತದೆ, ಎಲ್ಲರೂ ಹೊಗಳುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ, ಮೊಡವೆ ಏಳುತ್ತದೆ, ಕೆನ್ನೆ ಮೇಲೆ ಕೂದಲೂ ಬೆಳೆಯಬಹುದು. ಈಗಾಗಲೇ ಬಹಳ ದಿನ ಹಚ್ಚಿದ್ದರೆ ಒಮ್ಮೆಲೇ ಬಿಟ್ಟಾಗ ಮುಖ ಕೆಂಪೇರಿ ಉರಿಯುವುದುಂಟು. ಹಾಗಾಗಿ ಟ್ಯೂಬನ್ನು ಬ್ಯಾಗಿಗೆ ಹಾಕಿಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೇಗೆ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ.

ಇನ್ನು ಬಿಸಿಲು. ನಮ್ಮ ಬೆಂಗಳೂರಿನ ತಣ್ಣನೆ ಗಾಳಿ ಮೋಸ ಮಾಡುತ್ತದೆ. ರಾಯಚೂರಿನ ಹಾಗೆ ಧಗೆ ಇಲ್ಲ, ಸೆಖೆ ಇಲ್ಲ, ಇಷ್ಟು ಬಿಸಿಲು ಏನ್ಮಾಡುತ್ತೆ ಅನಿಸುತ್ತದೆ, ಅಲ್ವಾ? ಆದರೆ ಚರ್ಮ ಕಪ್ಪಾಗಿಸುವುದು ಬಿಸಿಯೊಂದೇ ಅಲ್ಲ, ಮುಖ್ಯವಾಗಿ ನೇರಳಾತೀತ ಕಿರಣ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಏರಿದಷ್ಟೂ ಈ ಕಿರಣ ಹೆಚ್ಚು. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ಇಲ್ಲಿ ನೆತ್ತಿಗೆ ಸರಿಯಾಗಿ ಬರುತ್ತಾನೆ. ಅವತ್ತು ಮಧ್ಯಾಹ್ನ 12 ಗಂಟೆ 20 ನಿಮಿಷದ ಆಸುಪಾಸಿನಲ್ಲಿ ಅಂಗಳದಲ್ಲಿ ಒಂದು ಲೋಟ ಇಟ್ಟು ನೋಡಿ, ನೆರಳು ಲೋಟದ ಕೆಳಗೇ ಅಡಗಿರುತ್ತದೆ. ನನ್ನ ಪೇಷೆಂಟ್‌ಗಳಿಗೆ ನಾನು ಹೇಳುವ ಲೆಕ್ಕವೂ ಇದೇ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಕಟುವಾಗಿದೆ ಅಂತ ತಿಳಿಯಿರಿ. ಗಾಳಿ ಎಷ್ಟೇ ತಂಪಾಗಿರಲಿ.

ಸನ್‌ಸ್ಕ್ರೀನ್ ಕೆಲಸ ಮಾಡದಿರಲು ಮುಖ್ಯ ಕಾರಣ, ಬಹಳಷ್ಟು ಜನ ಬೇಕಾದ್ದರಲ್ಲಿ ಅರ್ಧವೂ ಹಚ್ಚುವುದಿಲ್ಲ. ಕಡಲೆಕಾಳಿನಷ್ಟು ಸಾಲದು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಕ್ರೀಮ್ ಮುಖ, ಕತ್ತಿಗೆ ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಟ್ಯೂಬ್ ಮೇಲೆ ಎಸ್‌ಪಿಎಫ್ ಅಂತ ಇರುವುದು ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಳತೆ. ಎಸ್‌ಪಿಎಫ್ 30 ಸುಡುವ ಕಿರಣದಲ್ಲಿ ಶೇ 97ರಷ್ಟು ತಡೆಯುತ್ತದೆ, 50 ಆದರೆ ಶೇ 98. ಆ ಒಂದು ಅಂಶಕ್ಕೆ ದುಬಾರಿ ಟ್ಯೂಬ್ ಕೊಂಡು ಚೂರುಚೂರೇ ಹಚ್ಚುವ ಬದಲು 30ರದ್ದನ್ನೇ ಧಾರಾಳವಾಗಿ ಹಚ್ಚಿ.

ನಿಮಗೆ ಬಂಗು ಇರುವುದರಿಂದ ಇನ್ನೊಂದು ಮಾತು. ಬಂಗು ನಾವು ಕಣ್ಣಲ್ಲಿ ನೋಡುವ ಬೆಳಕಿಗೂ ಗಾಢವಾಗುತ್ತದೆ. ಬಿಳಿ ಕ್ರೀಮ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಕೇಳಿ. ಮುಖಕ್ಕೆ ಕಟ್ಟುವ ದುಪಟ್ಟಾವನ್ನು ಕಿಟಕಿಗೆ ಹಿಡಿದು ನೋಡಿ. ಅದರ ಮೂಲಕ ಆಚೆ ಮರ ಕಾಣಿಸಿದರೆ, ಬಿಸಿಲಿಗೂ ನಿಮ್ಮ ಕೆನ್ನೆ ಕಾಣಿಸುತ್ತದೆ. ದಟ್ಟ ನೇಯ್ಗೆಯ ಹತ್ತಿ ಬಟ್ಟೆಯೇ ಒಳ್ಳೆಯದು.

ಪ್ರಶ್ನೆ: ರಾಮನವಮಿಗೆ ನಮ್ಮ ಬೀದಿಯಲ್ಲಿ ಪಾನಕ ಹಂಚಿದೆವು. ಅಷ್ಟೂ ನಿಂಬೆಹಣ್ಣು ಹಿಂಡಿದ್ದು ನಾನೇ. ಎರಡು ದಿನ ಬಿಟ್ಟು ಮುಂಗೈ ಮೇಲೆ ಸುಟ್ಟ ಹಾಗೆ ಕೆಂಪು ಗೆರೆ ಬಂತು. ಈಗ ಕಪ್ಪಾಗಿದೆ. ಅಜ್ಜಿ ಸರ್ಪಸುತ್ತು ಅನ್ನುತ್ತಾರೆ.
– ಓದುಗರು, ಬಸವನಗುಡಿ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಇದು ಸರ್ಪಸುತ್ತಲ್ಲ ಅನಿಸುತ್ತದೆ, ಅಜ್ಜಿಗೆ ಧೈರ್ಯ ಹೇಳಿ. ಗೆರೆ ಹೇಗಿದೆ ನೋಡಿಕೊಳ್ಳಿ. ಮಣಿಕಟ್ಟಿನಿಂದ ಮೊಳಕೈ ಕಡೆಗೆ ಇಳಿದಿದ್ದರೆ ಅದು ನಿಂಬೆರಸ ಹರಿದ ದಾರಿ. ನಿಂಬೆಯಲ್ಲಿ, ಅದರ ಸಿಪ್ಪೆಯಲ್ಲಂತೂ ಜಾಸ್ತಿ, ಸೊರಾಲೆನ್ ಎಂಬ ಗುಂಪಿನ ಅಂಶಗಳಿವೆ. ಅದು ಚರ್ಮಕ್ಕೆ ತಾಗಿ, ಮೇಲೆ ಬಿಸಿಲು ಬಿದ್ದರೆ ಆ ಜಾಗ ಸುಡುತ್ತದೆ. ಒಂದೆರಡು ದಿನಕ್ಕೆ ಕೆಂಪು ಅಥವಾ ಬೊಬ್ಬೆ, ಆಮೇಲೆ ಕಪ್ಪು. ಕಲೆ ತಾನಾಗೇ ಹೋಗುತ್ತದೆ, ಆದರೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಉಜ್ಜಬೇಡಿ, ಬಿಸಿಲಿಗೆ ಒಡ್ಡಬೇಡಿ. ಬೊಬ್ಬೆ ಎದ್ದು ನೋಯುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ. ಮುಂದಿನ ಸಲ ಮನೆಯೊಳಗೇ ಹಿಂಡಿ, ಸೋಪು ಹಾಕಿ ಮೊಳಕೈವರೆಗೂ ತೊಳೆದುಕೊಂಡು ಹೊರಗೆ ಬನ್ನಿ.

ಟ್ಯಾನ್ ತೆಗೆಯಲು ನಿಂಬೆಹಣ್ಣು, ಸಕ್ಕರೆ ಸೇರಿಸಿ ಮುಖಕ್ಕೆ ತಿಕ್ಕುವವರೂ ಇದನ್ನು ಓದಲಿ ಅಂತ ನನ್ನ ಆಸೆ. ಬೆಳ್ಳಗಾಗಲಿ ಅಂತ ಹಚ್ಚಿ, ಕೆನ್ನೆ ಮೇಲೆ ಕಪ್ಪು ಪಟ್ಟೆ ಮಾಡಿಕೊಂಡು ಬರುವ ಹುಡುಗಿಯರನ್ನು ನೋಡಿದರೆ ಸಂಕಟವಾಗುತ್ತದೆ. ನಿಂಬೆ ಪಾನಕಕ್ಕೆ, ಚಿತ್ರಾನ್ನಕ್ಕೆ ಇರಲಿ.

ಪ್ರಶ್ನೆ: ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್‌ಗೆ ಬಂದು ಆರು ತಿಂಗಳಾಯಿತು. ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಕೂದಲು ಹಿಡಿಹಿಡಿಯಾಗಿ ಉದುರುತ್ತಿದೆ. ಶವರ್‌ಗೆ ಫಿಲ್ಟರ್ ಹಾಕಿಸಲಾ?
– ಓದುಗರು, ಸರ್ಜಾಪುರ ರಸ್ತೆ

ಉತ್ತರ: ದುಡ್ಡು ಖರ್ಚು ಮಾಡುವ ಮೊದಲು ಉದುರಿದ ನಾಲ್ಕು ಕೂದಲನ್ನು ಬಿಳಿ ಕಾಗದದ ಮೇಲೆ ಇಡಿ. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇದೆಯಾ? ಇದ್ದರೆ ಬುಡದಿಂದ ಬಂದದ್ದು. ಇಲ್ಲದಿದ್ದರೆ ನಡುವೆ ತುಂಡಾದದ್ದು.

ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಬಿಸಿಲು ಇನ್ನಷ್ಟು ಒಣಗಿಸುತ್ತದೆ, ಆಗ ಬಾಚಿದರೆ ತುಂಡಾಗುತ್ತದೆ. ಇದಕ್ಕೆ ಶವರ್‌ಗೆ ಸಿಕ್ಕಿಸುವ ಸಣ್ಣ ಫಿಲ್ಟರ್ ಸಾಲದು, ನೀರಿನ ಕ್ಯಾಲ್ಶಿಯಂ, ಮೆಗ್ನೀಶಿಯಂ ಅದರಿಂದ ಹೋಗುವುದಿಲ್ಲ. ತಲೆಸ್ನಾನದ ಕೊನೆಗೆ ಎರಡು ಚೊಂಬು ಕುಡಿಯುವ ನೀರು ಹುಯ್ದುಕೊಳ್ಳಿ. ಕೂದಲಿನ ಉದ್ದಕ್ಕೆ ಕಂಡೀಷನರ್ ಹಚ್ಚಿ. ಟವೆಲ್‌ನಲ್ಲಿ ಜಾಡಿಸಬೇಡಿ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ.

ಬುಡದಿಂದ ಬಂದಿದ್ದರೆ ನೀರಿನ ಮೇಲೆ ಹೊರಿಸಬೇಡಿ. ಎರಡು ಮೂರು ತಿಂಗಳು ಹಿಂದೆ ಏನಾಗಿತ್ತು ನೆನಪು ಮಾಡಿಕೊಳ್ಳಿ. ಡೆಂಗಿ ಜ್ವರ, ಹೆರಿಗೆ, ಊಟ ಬಿಟ್ಟು ಡಯಟ್ ಮಾಡಿದ್ದು? ಆ ಪೆಟ್ಟು ಕೂದಲಿಗೆ ತಡವಾಗಿ ತಾಗುತ್ತದೆ. ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು ತಿಳಿಸುವ ಪರೀಕ್ಷೆ), ಥೈರಾಯ್ಡ್ ನೋಡಿಸಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ತಲೆಸ್ನಾನದ ದಿನ ಇನ್ನೂ ಜಾಸ್ತಿ ಕಾಣುತ್ತದೆ.

ಪ್ರಶ್ನೆ: ಡೆಲಿವರಿ ಕೆಲಸ, ದಿನವಿಡೀ ಹೆಲ್ಮೆಟ್. ತಲೆ ತುಂಬ ಹೊಟ್ಟು, ಕಡಿತ. ಅಮ್ಮ ದಿನಾ ಎಣ್ಣೆ ಹಚ್ಚು ಅಂತಾರೆ.
– ಓದುಗರು, ಯಶವಂತಪುರ

ಉತ್ತರ: ಅಮ್ಮನ ಪ್ರೀತಿ ಸರಿ, ಆದರೆ ಸದ್ಯಕ್ಕೆ ಎಣ್ಣೆ ಬೇಡ. ಹೊಟ್ಟಿಗೆ ಕಾರಣವಾದ ಶಿಲೀಂಧ್ರ ಎಣ್ಣೆಯನ್ನೇ ತಿಂದು ಬೆಳೆಯುತ್ತದೆ. ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, ನಾಲ್ಕು ವಾರ ಹಾಕಿ. ನೊರೆಯನ್ನು ಐದು ನಿಮಿಷ ತಲೆಯಲ್ಲಿ ಬಿಟ್ಟು ತೊಳೆಯಿರಿ. ಹೆಲ್ಮೆಟ್ ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ಎರಡು ಮೂರು ಬಟ್ಟೆ ಜೊತೆಗಿಟ್ಟುಕೊಂಡು ಬೆವರಿದಂತೆ ಬದಲಾಯಿಸಿ. ರಾತ್ರಿ ಹೆಲ್ಮೆಟ್ಟನ್ನು ಗಾಡಿಯ ಡಿಕ್ಕಿಯಲ್ಲಿ ಮುಚ್ಚಿಡದೆ, ಗಾಳಿಯಾಡುವ ಕಡೆ ಬೋರಲು ಹಾಕದೆ ಇಡಿ. ಒಳಗಿನ ಸ್ಪಂಜು ಬಿಚ್ಚಲು ಬಂದರೆ ಭಾನುವಾರ ಒಗೆದು ಒಣಗಿಸಿ.