ಬೆಂಗಳೂರಿನಿಂದ ಬುಡಾಪೆಸ್ಟ್‌ಗೆ ಕಡಿಮೆ ಖರ್ಚಿನಲ್ಲಿ ಹೋಗಿಬರುವುದು ಹೇಗೆ?

ವೀಸಾದಿಂದಲೇ ಶುರು ಮಾಡಿ. ಬುಡಾಪೆಸ್ಟ್ ಇರುವ ಹಂಗೇರಿ ಷೆಂಗೆನ್ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿದೆ. ವೀಸಾಗೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ಜುಲೈ, ಆಗಸ್ಟ್ ಬಿಟ್ಟು ಅಕ್ಟೋಬರ್ ಕೊನೆಗೆ ಹೋದರೆ ರೂಮು ಸಾಮಾನ್ಯವಾಗಿ ಅಗ್ಗ. ಅಲ್ಲಿ ನಡೆಯುವುದು ಯೂರೋ ಅಲ್ಲ, ಫೋರಿಂಟ್. ವಿಮಾನ ನಿಲ್ದಾಣದಲ್ಲಿ ಜಾಸ್ತಿ ದುಡ್ಡು ಬದಲಾಯಿಸಬೇಡಿ.

ಊರು ನೋಡೋಕೆ ಬಸ್, ಟ್ರಾಮ್, ಮೆಟ್ರೋದ 72 ಗಂಟೆಯ ಪಾಸ್ ಸಾಕು. ಸಂಜೆ 2ನೇ ನಂಬರ್ ಟ್ರಾಮ್ ಹತ್ತಿ, ನದಿ ಕಡೆಯ ಕಿಟಕಿ ಹಿಡಿದು ಕೂತುಕೊಳ್ಳಿ. ಟ್ರಾಮ್ ಡ್ಯಾನ್ಯೂಬ್ ದಡದಲ್ಲೇ ಸಾಗುತ್ತದೆ. ಆಚೆ ದಡದ ಗುಡ್ಡದ ಮೇಲೆ ಅರಮನೆಯ ದೀಪಗಳು ಹತ್ತಿರುತ್ತವೆ, ಬೆಳಕು ನೀರಿನಲ್ಲಿ ಅಲುಗಾಡುತ್ತಿರುತ್ತದೆ. ಇದಿರುವಾಗ ದೋಣಿ ಪ್ರವಾಸಕ್ಕೆ ಸುಮ್ನೆ ಯಾಕೆ ಖರ್ಚು, ಅಲ್ವಾ? ಹಸಿವಾದರೆ ಲಾಂಗೋಶ್ ತಿನ್ನಿ. ಎಣ್ಣೆಯಲ್ಲಿ ಕರಿದ ಅಗಲವಾದ ರೊಟ್ಟಿ ಅದು. ಬೆಳ್ಳುಳ್ಳಿ, ಚೀಸ್ ಹಾಕಿಸಿಕೊಂಡರೆ ಒಂದರಲ್ಲೇ ಹೊಟ್ಟೆ ತುಂಬುತ್ತದೆ.